ಮೇಷ್ಟ್ರು ತಂದ ಆಮೆ

ಮಧುಗಿರಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಷ್ಟ್ರಾಗಿದ್ದ ರೇಣುಕಯ್ಯನವರಿಗೆ, ಇವತ್ತಿನ ಸಾರಿಗೆ ಹುರುಳಿಕಾಳೋ ಅವರೆಕಾಳೋ ಎಂದು ತೀರ್ಮಾನಿಸುವ ಅಧಿಕಾರ ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ. ಅಂಥವರ ತಲೆಯ ಮೇಲೆ ಸರ್ಕಾರ ಒಂದು ಇಡೀ ಭಾಷೆಯನ್ನು ಆರಿಸುವ ಭಾರ ಹೊರಿಸಿಬಿಟ್ಟಿತು.

ಅದು ಸಾವಿರದ ಒಂಬೈನೂರ ಎಂಬತ್ತಾರು. ಸ್ಕೂಲಿಗೆ ಎರಡು ಕಂಪ್ಯೂಟರು ಬಂದಿದ್ದವು. ಅವುಗಳಿಗೊಂದು ಕೋಣೆ ಸುಣ್ಣ ಹೊಡೆಸಿ, ಬಾಗಿಲಿಗೆ ಪರದೆ ಕಟ್ಟಿ, ಚಪ್ಪಲಿ ಹೊರಗೆ ಬಿಡಬೇಕೆಂದು ಬೋರ್ಡು ಹಾಕಿದ್ದಾಯಿತು. ಪಾಠ ಹೇಳುವವರು ಯಾರು ಎಂಬ ಪ್ರಶ್ನೆ ಬಂದಾಗ ಉಳಿದ ಮೇಷ್ಟ್ರುಗಳೆಲ್ಲ ಒಟ್ಟಿಗೇ ರೇಣುಕಯ್ಯನವರನ್ನು ಹೊಗಳಿದರು. (ಸರ್ಕಾರಿ ನೌಕರರು ಸಹೋದ್ಯೋಗಿಯನ್ನು ಹೊಗಳಿದರೆ ಅದರ ಹಿಂದೆ ಒಂದು ಕೆಲಸ ಇದ್ದೇ ಇರುತ್ತದೆ.) ಬೆಂಗಳೂರಿನಲ್ಲಿ ಹದಿನೈದು ದಿನ ತರಬೇತಿ ಮುಗಿಸಿದ ರೇಣುಕಯ್ಯನವರು, ರೊಟ್ಟಿಯಗಲದ ಒಂದು ಕಪ್ಪು ಫ್ಲಾಪಿಯನ್ನು ಎದೆಗವಚಿಕೊಂಡು ಬಸ್ಸಿಳಿದರು.

ಸಮಸ್ಯೆ ಇದ್ದದ್ದು ಇಷ್ಟು. ಯಂತ್ರದ ಹೊಟ್ಟೆಯೊಳಗೇ ಬೇಸಿಕ್ ಎಂಬ ಭಾಷೆ ಇತ್ತು. ಫ್ಲಾಪಿಯಲ್ಲಿ ಲೋಗೋ ಎಂಬ ಇನ್ನೊಂದು ಭಾಷೆ ಇತ್ತು. ಲೋಗೋದಲ್ಲಿ ಯಂತ್ರದ ಗಾಜಿನ ಪರದೆಯ ಮೇಲೆ ಒಂದು ಪುಟ್ಟ ಆಮೆ. ಅದಕ್ಕೆ ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಆಜ್ಞೆ ಕೊಟ್ಟರೆ ಅದು ಗೆರೆ ಎಳೆಯುತ್ತ ಹೋಗಿ ಚಿತ್ರ ಬರೆಯುತ್ತದೆ. ಮಕ್ಕಳಿಗೆ ಯಾವುದನ್ನು ಕಲಿಸಬೇಕೆಂದು ಕೇಳಿದರೆ ತರಬೇತಿ ಕೊಟ್ಟವರು, "ನಿಮ್ಮ ಮಕ್ಕಳು ನಿಮಗೇ ಗೊತ್ತು, ನೀವೇ ಆರಿಸಿಕೊಳ್ಳಿ" ಎಂದು ಕೈತೊಳೆದುಕೊಂಡಿದ್ದರು.

ಹೆಡ್‌ಮಾಸ್ಟರ್ ಕದರಪ್ಪನವರು ಪಾವಗಡದ ಕಡೆಯವರು. ಗಾಬರಿಯಾದಾಗ ಅವರ ಬಾಯಿಗೆ ತೆಲುಗು ಬರುತ್ತಿತ್ತು.

"ಏಮಯ್ಯಾ ರೇಣುಕಯ್ಯ, ದಸರಾ ರಜೆ ಮುಗಿದ ಮೊದಲನೇ ಬುಧವಾರ ಶಿಕ್ಷಣ ಇಲಾಖೆ ಸಾಹೇಬ್ರು ಬಂದು ಪಾಠ ನೋಡ್ತಾರೆ. ನಿನ್ನ ಷಡ್ಡಕ ಸಿದ್ದಗಂಗಯ್ಯ ಇದ್ದಾನಲ್ಲ, ಅವನೂ ಟ್ರೈನಿಂಗ್ ಮುಗಿಸವ್ನೆ. ನಮ್ಮಲ್ಲಿ ಪಾಠ ಸರಿ ಇಲ್ದಿದ್ರೆ ಎರಡೂ ಯಂತ್ರ ಶಿರಾಕ್ಕಂತೆ. ಅಯ್ಯಯ್ಯೋ, ಏಂ ಚೇಸ್ತಾವೋ ಏಮೋ, ಏನ್ ಮಾಡ್ತೀಯೋ ಏನೋ!"

ಸಿದ್ದಗಂಗಯ್ಯ ಎಂದರೆ ರೇಣುಕಯ್ಯನವರ ಹೆಂಡತಿಯ ತಂಗಿ ಸರೋಜಮ್ಮನ ಗಂಡ. ಶಿರಾದಲ್ಲಿ ವಿಜ್ಞಾನದ ಮೇಷ್ಟ್ರು. ರೇಣುಕಯ್ಯನವರು ಸೈಕಲ್ಲು ಕೊಂಡರೆ ಅವನು ಸ್ಕೂಟರು ಕೊಂಡ. ಇವರು ರೇಡಿಯೋ ತಂದರೆ ಅವನು ಟೀವಿ ತಂದ. ಈಗ ಯಂತ್ರಗಳನ್ನೂ ಅವನಿಗೆ ಒಪ್ಪಿಸಿ ಅತ್ತೆಯ ಮನೆಯ ಹಬ್ಬದೂಟದಲ್ಲಿ ಅವನ ಪಕ್ಕದ ಎಲೆಗೆ ಕೂರುವುದುಂಟೆ! ಅದೂ ಅಲ್ಲದೆ, ತರಬೇತಿಯಲ್ಲಿ ಮೊದಲ ಸಲ ಆ ಆಮೆ ಒಂದು ಚೌಕ ಬರೆದಾಗ ನಲವತ್ತೈದರ ರೇಣುಕಯ್ಯನವರಿಗೆ ಕಣ್ಣು ತುಂಬಿ ಬಂದಿತ್ತು. ತಮ್ಮ ಹುಡುಗಿಯರ ಮುಖದಲ್ಲಿ ಅದೇ ಬೆರಗನ್ನು ನೋಡಬೇಕೆಂಬ ಆಸೆಯನ್ನು ಅವರು ಯಾರಿಗೂ ಹೇಳಿಕೊಂಡಿರಲಿಲ್ಲ.

ಸರಿ, ಎರಡು ಭಾಷೆಯನ್ನೂ ಮೊದಲು ಮನೆಯಲ್ಲೇ ಪರೀಕ್ಷಿಸೋಣವೆಂದು, ಬದನೆಕಾಯಿ ಹೆಚ್ಚುತ್ತಿದ್ದ ಹೆಂಡತಿ ಶಿವರುದ್ರಮ್ಮನ ಮುಂದೆ ಸ್ಲೇಟು ಹಿಡಿದು ಕೂತರು. ಮೊದಲು ಬೇಸಿಕ್.

"ನೋಡು, ಇಲ್ಲಿ ಪ್ರತಿ ಸಾಲಿಗೂ ಒಂದು ನಂಬರು. ಹತ್ತು, ಇಪ್ಪತ್ತು, ಮೂವತ್ತು."

"ಮಧ್ಯದ ಒಂಬತ್ತೊಂಬತ್ತು ಎಲ್ಲೋದ್ವು?"

"ಏನಾದರೂ ಮರೆತಿದ್ದರೆ ಆಮೇಲೆ ನಡುವೆ ಸೇರಿಸೋಕೆ ಜಾಗ ಬಿಟ್ಟಿರೋದು."

ಶಿವರುದ್ರಮ್ಮ ಈಳಿಗೆಮಣೆ ಬಿಟ್ಟು ತಲೆ ಎತ್ತಿದಳು. "ಯಾರ್ರೀ ಇದನ್ನ ಮಾಡಿದ್ದು? ಸಂಸಾರಸ್ಥರೇ ಇರ್ಬೇಕು. ನಿಮ್ಮನ್ನ ಸಂತೆಗೆ ಕಳಿಸೋ ಚೀಟೀನೂ ಇಂಗೇ ಬರೀಬೇಕು ಕಣ್ರೀ. ಆದ್ರೆ ನೀವು ಮರೆಯೋದಕ್ಕೆ ಒಂಬತ್ತು ಸಾಲು ಎಲ್ಲಿ ಸಾಕು? ಇದೇ ಚೆನ್ನಾಗೈತೆ, ಇದನ್ನೇ ಕಲಿಸಿ. ಸಿದ್ದಗಂಗಯ್ಯನೂ ಬೇಸಿಕ್ಕೇ ಒಳ್ಳೇದು ಅಂದ್ನಂತೆ, ಸರೋಜಿ ಕಾಗದ ಬರ್ದಿದ್ಲು."

ಆ ಕ್ಷಣದಲ್ಲೇ ಬೇಸಿಕ್‌ನ ಹಣೆಬರಹ ತೀರ್ಮಾನವಾಗಿಹೋಯಿತು. ರೇಣುಕಯ್ಯನವರು ಸ್ಲೇಟನ್ನು ಒರೆಸಿದರು, ಪಂಚೆಯನ್ನು ಮೇಲಕ್ಕೆತ್ತಿ ಕಟ್ಟಿದರು, ನಡುಮನೆಯ ನೆಲದ ಮೇಲೆ ನಾಲ್ಕು ಕಾಲಿನಲ್ಲಿ ನಿಂತರು.

"ಈಗ ನಾನು ಆಮೆ. ಒಂದು ಹೆಜ್ಜೆ ಅಂದರೆ ಒಂದು ಗೇಣು. ಬಲಕ್ಕೆ ತೊಂಬತ್ತು ಅಂದರೆ ಪೂರಾ ಬಲಗಡೆಗೆ ತಿರುಗೋದು. ಹೂಂ, ಅಪ್ಪಣೆಯಾಗಲಿ."

ಹತ್ತೊಂಬತ್ತು ವರ್ಷದಿಂದ ಅಪ್ಪಣೆ ಕೊಡುತ್ತಲೇ ಬಂದಿದ್ದರೂ ಗಂಡ ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು. ಶಿವರುದ್ರಮ್ಮನಿಗೆ ಹುರುಪು ಬಂತು.

"ಮುಂದೆ ಎಂಟು. ಬಲಕ್ಕೆ ತೊಂಬತ್ತು. ಮುಂದೆ ಆರು. ಇನ್ನೂ ಎರಡು. ತಲೆ ತಗ್ಗಿಸ್ರೀ, ಮಂಚ ತಾಕುತ್ತೆ."

"ಮಂಚದ ಕೆಳಗೆ ಯಾಕೆ?"

"ಆಮೆ ಮಾತಾಡಂಗಿಲ್ಲ. ಅಲ್ಲಿ ಮೂಲೇಲಿ ಬಾಣಲೆ ಮುಚ್ಚಳ ಬಿದ್ದೈತೆ, ಯುಗಾದಿಯಿಂದ ಹುಡುಕ್ತಾ ಇದೀನಿ. ಎತ್ಕೊಳ್ಳಿ."

"ಎತ್ತಿಕೊಳ್ಳೋ ಆಜ್ಞೆ ಈ ಭಾಷೆಯಲ್ಲಿಲ್ಲ ಕಣೇ!" ಎಂದು ಮಂಚದ ಕೆಳಗಿನಿಂದ ಧ್ವನಿ ಬಂತು.

"ಮತ್ತೆ ಮನೇಗೆ ಉಪಯೋಗಕ್ಕೆ ಬಾರದ ಭಾಷೆ ಯಾಕ್ರೀ?"

ಆಮೆ ಮುಚ್ಚಳವನ್ನು ಕಚ್ಚಿಕೊಂಡು ಹಿಂದಕ್ಕೆ ಸರಿಯುತ್ತಿರುವಾಗ ಪಕ್ಕದ ಮನೆಯ ಚಿಕ್ಕಹನುಮಕ್ಕ ಮಜ್ಜಿಗೆ ಕೇಳಲು ಒಳಗೆ ಬಂದಳು. ಮಂಚದ ಕೆಳಗಿನಿಂದ ಹೊರಗೆ ಬರುತ್ತಿದ್ದ ಮೇಷ್ಟ್ರ ಹಿಂಭಾಗವನ್ನು ನೋಡಿ ಅವಳ ಕೈಯ ಚೆಂಬು ಬಿದ್ದುಹೋಯಿತು.

"ಅಯ್ಯೋ ಶಿವನೇ, ಮೇಷ್ಟ್ರಿಗೆ ಏನಾಯ್ತವ್ವಾ?"

"ಏನಿಲ್ಲ ಬಾರಕ್ಕ, ಆಮೆ ಆಗವ್ರೆ. ಬೆಂಗ್ಳೂರಿಂದ ಒಂದು ಆಮೆ ತಂದವ್ರೆ. ಪೆಟ್ಟಿಗೇಲೈತೆ."

ಚಿಕ್ಕಹನುಮಕ್ಕನ ಮುಖದ ಬಣ್ಣವೇ ಬದಲಾಯಿತು. "ಮನೆಯೊಳಕ್ಕೆ ಆಮೇನಾ! ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಎಲ್ಡೂ ಒಂದೇ ಕಣವ್ವಾ. ಕೋರ್ಟಿನ ಅಮೀನ ಜಪ್ತಿ ಮಾಡಿದ್ರೆ ಪಾತ್ರೆ ಪಗಡ ಓಯ್ತವೆ, ಆಮೆ ಬಂದ್ರೆ ಮನೆ ಏಳಿಗೇನೇ ಓಯ್ತದೆ. ಮೊದ್ಲು ಆಚೆ ಹಾಕ್ಬುಡು."

ಅವಳು ಮಜ್ಜಿಗೆ ಮರೆತು ಹೊರಟುಹೋದಳು. ಶಿವರುದ್ರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಫ್ಲಾಪಿ ಈಗಲೇ ಸ್ಕೂಲಿಗೆ ಹೋಗಬೇಕು ಎಂದು ಅವಳು. ಅಲ್ಲಿ ಇಲಿ ಕಾಟ, ಬೀಗದ ಕೈ ಬೇರೆ ಊರಿಗೆ ಹೋದ ಜವಾನನ ಹತ್ತಿರ, ಇಡೀ ತಾಲ್ಲೂಕಿಗೆ ಇದೊಂದೇ ಪ್ರತಿ ಎಂದು ಇವರು. ಅದು ನಿಜವಾದ ಆಮೆಯಲ್ಲ, ಬರೀ ಬೆಳಕು ಎಂದರೆ, "ಬರೀ ಬೆಳಕಿಗೆ ಯಾಕೆ ಆಮೆ ಅಂತ ಹೆಸರಿಟ್ರು, ಹಸು ಅಂತ ಇಡ್ಬೋದಿತ್ತಲ್ಲ?" ಎಂದಳು. ಈ ಪ್ರಶ್ನೆಗೆ ಬೆಂಗಳೂರಿನವರೂ ಉತ್ತರ ಕೊಡಲಾರರು. ಕೊನೆಗೆ ರಾಜಿಯಾಯಿತು. ಬುಧವಾರದವರೆಗೆ ಫ್ಲಾಪಿ ಟ್ರಂಕಿನಲ್ಲಿರಬಹುದು, ಆದರೆ ಆಯುಧಪೂಜೆಯ ದಿನ ದೇವರ ಮುಂದೆ ಬರಬೇಕು.

"ಇಡೋದು ಇಡ್ತೀನಿ. ಆದರೆ ಯಾರೂ ಮುಟ್ಟಕೂಡದು" ಎಂದು ರೇಣುಕಯ್ಯನವರು ಬೆರಳು ಆಡಿಸಿ ಉಪನ್ಯಾಸವನ್ನೇ ಕೊಟ್ಟರು. "ಈ ಕಿಂಡಿ ನೋಡು. ಇಲ್ಲಿ ಒಂದು ಬೆರಳು ತಾಕಿದರೆ, ಒಂದು ಧೂಳಿನ ಕಣ ಬಿದ್ದರೆ, ಭಾಷೆಯೇ ನಾಶ!"

"ಆ ದರಿದ್ರದ ಆಮೇನ ನಾನ್ಯಾಕ್ ಮುಟ್ಲಿ ಬುಡಿ" ಎಂದಳು ಶಿವರುದ್ರಮ್ಮ.

ಆಯುಧಪೂಜೆ ಯಥಾಶಕ್ತಿ ನಡೆಯಿತು. ಈಳಿಗೆಮಣೆ, ಹಾರೆ, ಹೊಲಿಗೆ ಯಂತ್ರ, ಸೈಕಲ್ಲು, ಕೈವಾರದ ಪೆಟ್ಟಿಗೆ, ಕಪ್ಪುಹಲಗೆಗೆ ಬಳಸುವ ಮರದ ಕೋನಮಾಪಕ, ಎಲ್ಲ ಸಾಲಾಗಿ ಕೂತಿದ್ದವು. ಕೊನೆಯಲ್ಲಿ ಮಣೆಯ ಮೇಲೆ ಫ್ಲಾಪಿ. ರೇಣುಕಯ್ಯನವರು ಮಡಿಯುಟ್ಟು, ಕಣ್ಣು ಅರೆಮುಚ್ಚಿ, ನೆನಪಿದ್ದ ಮಂತ್ರವನ್ನು ಗಟ್ಟಿಯಾಗಿಯೂ ಮರೆತದ್ದನ್ನು ಮೆಲ್ಲಗೂ ಹೇಳುತ್ತ ಸಾಲಿನುದ್ದಕ್ಕೂ ಪೂಜೆ ಮಾಡಿದರು. ಭಕ್ತಿ ಉಕ್ಕಿ ಬಂದು, ಸಿದ್ದಗಂಗಯ್ಯನಿಗೆ ಬುದ್ಧಿ ಕೊಡು ತಂದೆ ಎಂದೂ ಒಂದು ಮಾತು ಸೇರಿಸಿದರು.

ಬುಧವಾರ ಬಂತು. ಸಾಹೇಬರು ಜೀಪಿನಲ್ಲಿ ಬಂದರು; ಜೀಪಿನ ಹಿಂದಿನ ಸೀಟಿನಿಂದ ಸಿದ್ದಗಂಗಯ್ಯನೂ ಇಳಿದ.

"ಬಿಲ್ಕುಲ್ ಗಾಬರಿಯಾಗ್ಬೇಡ ಅಣ್ಣ" ಎಂದು ರೇಣುಕಯ್ಯನವರ ಭುಜ ತಟ್ಟಿದ. "ಬೇಸಿಕ್ ತಾನೇ?"

"ಲೋಗೋ!" ಎಂದರು ರೇಣುಕಯ್ಯನವರು, ಸಾಹೇಬರಿಗೂ ಕೇಳುವಂತೆ.

ಒಂಬತ್ತನೇ ಕ್ಲಾಸಿನ ಮೂವತ್ತೆರಡು ಹುಡುಗಿಯರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ರೇಣುಕಯ್ಯನವರು ಫ್ಲಾಪಿಯನ್ನು ಯಂತ್ರಕ್ಕೆ ತೂರಿಸಿ ಗುಂಡಿ ಒತ್ತಿದರು. ಯಂತ್ರ ರಾಗಿ ಕಲ್ಲಿನಲ್ಲಿ ಮರಳು ಬೀಸಿದ ಹಾಗೆ ಸದ್ದು ಮಾಡಿ ನಿಂತುಬಿಟ್ಟಿತು. ಇನ್ನೊಂದು ಯಂತ್ರಕ್ಕೆ ಹಾಕಿದರು. ಅದೂ ಹಾಗೆಯೇ ಬೀಸಿತು. ಫ್ಲಾಪಿಯನ್ನು ಹೊರಗೆಳೆದು ಬೆಳಕಿಗೆ ಹಿಡಿದು ನೋಡಿದರೆ, ಮುಟ್ಟಬಾರದ ಆ ಕಿಂಡಿಗೆ ಅಡ್ಡಲಾಗಿ ಬೆಳ್ಳಗೆ ಮೂರು ಗೆರೆ. ವಿಭೂತಿ! ಹೆಂಡತಿ ಆಮೆಗೆ ಶಾಂತಿ ಮಾಡಿಸಿಯೇಬಿಟ್ಟಿದ್ದಾಳೆ ಎಂದು ರೇಣುಕಯ್ಯನವರ ಮೈಯೆಲ್ಲ ಉರಿಯಿತು.

"ಯಂತ್ರದೊಳಗೆ ಬೇಸಿಕ್ ಇದ್ದೇ ಇದೆಯಲ್ಲ ಅಣ್ಣ, ಬೇಕಾದ್ರೆ ನಾನು ಹೇಳ್ಕೊಡ್ತೀನಿ" ಎಂದು ಸಿದ್ದಗಂಗಯ್ಯ ಕುರ್ಚಿಯಿಂದ ಅರ್ಧ ಎದ್ದ. ಕದರಪ್ಪನವರು "ದೇವುಡಾ" ಎಂದು ಬೆವರು ಒರೆಸಿಕೊಂಡರು.

ಅವನು ಪೂರಾ ಏಳುವುದರೊಳಗೆ ರೇಣುಕಯ್ಯನವರು ಪಂಚೆಯನ್ನು ಮೇಲಕ್ಕೆ ಕಟ್ಟಿ, ಕೈಯಲ್ಲೊಂದು ಸೀಮೆಸುಣ್ಣ ಹಿಡಿದು, ಸಾಹೇಬರ ಬೂಟಿನ ಮುಂದೆ ನೆಲಕ್ಕೆ ಮಂಡಿಯೂರಿದ್ದರು.

"ಮಕ್ಕಳೇ, ನಾನೇ ಆಮೆ. ಒಂದು ಚೌಕ ಬರೆಸಿ."

ಹುಡುಗಿಯರು ಮೊದಲು ಹೆದರಿದರು, ಆಮೇಲೆ ಕಿಸಕ್ಕೆಂದರು, ಆಮೇಲೆ ಶುರು ಹಚ್ಚಿಕೊಂಡರು. ಮುಂದೆ ಹತ್ತು, ಬಲಕ್ಕೆ ತೊಂಬತ್ತು. ನಾಲ್ಕು ಸಲ ಹೇಳಿದ್ದೇ ತಡ, ನೆಲದ ಮೇಲೆ ಚೌಕ ಬಂತು. ಇನ್ನು ತ್ರಿಕೋನ. ಕುರಿ ಸಾಕುವ ಮನೆಯ ಹುಡುಗಿ ಜುಂಜಮ್ಮ ಎದ್ದು ನಿಂತು, ತ್ರಿಕೋನದ ಮೂಲೆ ಅರವತ್ತು ತಾನೇ ಎಂದು, "ಮುಂದೆ ಹತ್ತು, ಬಲಕ್ಕೆ ಅರವತ್ತು" ಎಂದಳು. ಆಮೆ ಹೇಳಿದಂತೆಯೇ ಹೋಯಿತು. ಮೂರನೆಯ ಸಲಕ್ಕೆ ಅದು ಹೊರಟ ಜಾಗಕ್ಕೆ ಬರದೆ ಸಾಹೇಬರ ಕುರ್ಚಿಯ ಕಾಲಿಗೆ ಢಿಕ್ಕಿ ಹೊಡೆಯಿತು.

ಎಲ್ಲರೂ ನಕ್ಕರು. ಜುಂಜಮ್ಮ ನಗಲಿಲ್ಲ. ನೆಲದ ಗೆರೆಯನ್ನೇ ನೋಡುತ್ತ ನಿಂತಳು. ತಾನೇ ಆ ಗೆರೆಯ ಮೇಲೆ ಎರಡು ಹೆಜ್ಜೆ ನಡೆದು, ಮೂಲೆಯಲ್ಲಿ ತಿರುಗಿ ನೋಡಿದಳು.

"ಸಾ! ತಪ್ಪು ನಂದೇ ಸಾ. ಮೂಲೆ ಒಳಗಡೆ ಅರವತ್ತು. ಆದ್ರೆ ನಾವು ತಿರುಗೋದು ಹೊರಗಡೆಯಿಂದ. ನೂರ ಇಪ್ಪತ್ತು ತಿರುಗ್ಬೇಕು ಸಾ!"

ನೆಲದ ಮೇಲಿದ್ದ ರೇಣುಕಯ್ಯನವರು ತಲೆ ಎತ್ತಿ ಜುಂಜಮ್ಮನ ಮುಖವನ್ನು ನೋಡಿದರು. ಹೊರಕೋನವನ್ನು ಕಪ್ಪುಹಲಗೆಯ ಮೇಲೆ ಇಪ್ಪತ್ತು ವರ್ಷ ಪಾಠ ಮಾಡಿದ್ದರು. ಅದು ಒಬ್ಬ ಹುಡುಗಿಯ ಕಾಲಿಗೆ ಅರ್ಥವಾದದ್ದನ್ನು ಕಣ್ಣಾರೆ ನೋಡಿದ್ದು ಇವತ್ತೇ. ಆಮೆ ನೂರ ಇಪ್ಪತ್ತು ತಿರುಗಿತು, ತ್ರಿಕೋನ ಕೂಡಿತು, ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಿದ್ದಗಂಗಯ್ಯನೂ ತಟ್ಟಬೇಕಾಯಿತು.

ಗೆದ್ದ ಎತ್ತಿನಂತೆ ಮನೆಗೆ ಬಂದ ರೇಣುಕಯ್ಯನವರು, ಗೆಲುವಿನ ಸುದ್ದಿಗಿಂತ ಮೊದಲು ಜಗಳ ತೆಗೆದರು.

"ಮುಟ್ಟಬೇಡ ಅಂತ ಬಡಕೊಂಡೆ. ನೋಡು, ವಿಭೂತಿ ಬಳಿದು ಭಾಷೆಯನ್ನೇ ಕೊಂದಿದ್ದೀಯ!"

ಶಿವರುದ್ರಮ್ಮ ಫ್ಲಾಪಿಯನ್ನು ಮುಟ್ಟದೆಯೇ ಬಗ್ಗಿ ನೋಡಿದಳು.

"ನಾನು ಬಳಿದ್ನಾ? ಆವತ್ತು ಕಣ್ಣು ಮುಚ್ಕೊಂಡು ಸಾಲಾಗಿ ಹಚ್ಕೊಂಡು ಬಂದೋರ್ಯಾರು? ಕೈವಾರಕ್ಕೆ ಹಚ್ಚಿದ್ರಿ, ಕೋನಮಾಪಕಕ್ಕೆ ಹಚ್ಚಿದ್ರಿ, ಅದೇ ಕೈಯಲ್ಲಿ ಇದಕ್ಕೂ ಹಚ್ಚಿದ್ರಿ. ಮೊದಲ್ನೇ ಸಲ ಗೆರೆ ಸೊಟ್ಟ ಬಂತು ಅಂತ ಕಣ್ಣು ಬಿಟ್ಟು, ಒದ್ದೆ ಬಟ್ಟೇಲಿ ಒರೆಸಿ ಇನ್ನೊಂದ್ಸಲ ಹಚ್ಚಿದ್ರಿ."

"ನೋಡ್ತಾ ಇದ್ದೋಳು ಹೇಳಬಾರದಾ?"

"ಪೂಜೇಲಿ ಕೂತಾಗ ಮಾತಾಡಿಸ್ಬೇಡ ಅಂತೀರಲ್ಲ."

ವಾದದಲ್ಲಿ ಸೋತ ಗಂಡಸರು ಕಾಫಿ ಕೇಳುತ್ತಾರೆ. ರೇಣುಕಯ್ಯನವರೂ ಕೇಳಿದರು. ಅವಳು ಕೊಟ್ಟಳು, ಜುಂಜಮ್ಮನ ಕತೆಯನ್ನು ಎರಡು ಸಲ ಹೇಳಿಸಿಕೊಂಡು ಕೇಳಿದಳು ಕೂಡ.

ಎಂಟನೆಯ ದಿನ ಸಾಹೇಬರ ಆದೇಶ ಬಂತು. ಕದರಪ್ಪನವರು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದತೊಡಗಿ, ಅರ್ಧಕ್ಕೆ ಬರುವಷ್ಟರಲ್ಲಿ ದನಿ ಇಳಿಸಿದರು.

"ಯಂತ್ರದ ಯಾವ ನೆರವೂ ಇಲ್ಲದೆ ಇಷ್ಟು ಸಮರ್ಥವಾಗಿ ಕಂಪ್ಯೂಟರ್ ಪಾಠ ಮಾಡುವ ಶಿಕ್ಷಕರು ಇರುವ ಶಾಲೆಗೆ ಯಂತ್ರದ ಅಗತ್ಯ ಕಂಡುಬರುವುದಿಲ್ಲ. ಆದಕಾರಣ ಎರಡೂ ಯಂತ್ರಗಳನ್ನು ಕೂಡಲೇ ಶಿರಾಕ್ಕೆ ರವಾನಿಸತಕ್ಕದ್ದು. ಸದರಿ ಶಿಕ್ಷಕರು ಪ್ರತಿ ಶನಿವಾರ ಶಿರಾಕ್ಕೆ ತೆರಳಿ, ಅಲ್ಲಿನ ಶಿಕ್ಷಕರ ಉಸ್ತುವಾರಿಯಲ್ಲಿ ಆಮೆಯಾಗಿ ಸಹಕರಿಸತಕ್ಕದ್ದು."

ರೇಣುಕಯ್ಯನವರು ಆ ಕಾಗದವನ್ನು ಮಡಿಸಿ ಜೇಬಿಗಿಟ್ಟು, ಮನೆಗೆ ಬಂದು, ಹೆಂಡತಿಯ ಕೈಗೆ ಕೊಟ್ಟು ಗೋಡೆಗೊರಗಿ ಕೂತರು. ಶಿವರುದ್ರಮ್ಮ ಅಕ್ಷರ ಅಕ್ಷರ ಕೂಡಿಸಿ ಓದಿದಳು. ಓದುತ್ತಿದ್ದಂತೆ ಅವಳ ಮುಖ ಅರಳಿತು.

"ಪ್ರತಿ ಶನಿವಾರಾನಾ? ಹಂಗಾರೆ ನಾನೂ ಬತ್ತೀನಿ ಕಣ್ರೀ! ಸರೋಜೀನ ನೋಡಿ ಎಷ್ಟು ದಿನ ಆಯ್ತು."

ಅವಳು ಹತ್ತಿರ ಬಂದು ಗಂಡನ ಪಂಚೆಯ ಅಂಚನ್ನು ಸರಿಸಿ ನೋಡಿದಳು. ತರಚಿದ ಮಂಡಿ ಇನ್ನೂ ವಾಸಿಯಾಗಿರಲಿಲ್ಲ. ಒಳಗೆ ಹೋಗಿ ಅಂಗೈಯಲ್ಲಿ ಕೊಬ್ಬರಿ ಎಣ್ಣೆ ತಂದು ಹಚ್ಚಿದಳು.

"ಯಂತ್ರ ಹೋದ್ರೆ ಹೋಗ್ಲಿ ಬುಡಿ. ಆ ಕುರಿ ಸಾಕೋರ ಹುಡುಗಿಗೆ ತಲೆಗೆ ಹೋಯ್ತಲ್ಲ, ಅದನ್ನ ಯಾರೂ ಶಿರಾಕ್ಕೆ ಸಾಗ್ಸಕ್ಕಾಗಲ್ಲ."

ರೇಣುಕಯ್ಯನವರಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಅಷ್ಟರಲ್ಲಿ ಅವಳು ಹಳೇ ಕಂಬಳಿಯ ತುಂಡು, ಕತ್ತರಿ, ಅಳತೆಯ ಟೇಪು ತಂದು ಹೊಲಿಗೆ ಯಂತ್ರದ ಮುಂದೆ ಹರವಿಕೊಂಡಾಗಿತ್ತು.

"ಎರಡು ಮಂಡಿಗೂ ಮೆತ್ತೆ ಹೊಲ್ಕೊಡ್ತೀನಿ. ನಿಂತ್ಕೊಂಡು ಅಳತೆ ಕೊಟ್ರೆ ಸರಿ ಬರಾಕಿಲ್ಲ. ಹೂಂ, ಮಂಡಿ ಊರಿ."

ರೇಣುಕಯ್ಯನವರು ಊರಿದರು.