ಹಿಟ್ಟಿನ ಗಿರಣಿಯ ಸದ್ದು ಮತ್ತು ನನ್ನ ಹೆಬ್ಬೆರಳು

ಎದುರಿಗೆ ಕೂತ ಮನುಷ್ಯನಿಗೆ "ಸಾಕು, ಬಾಯಿ ಮುಚ್ಚು" ಅನ್ನುವ ಎದೆಗಾರಿಕೆ ನನಗೆ ಹುಟ್ಟಿದಾಗಿನಿಂದ ಇಲ್ಲ. ಪಕ್ಕದ ಸೀಟಿನವರು ದಾವಣಗೆರೆಯಿಂದ ಚನ್ನಗಿರಿಯವರೆಗೆ ತಮ್ಮ ಪಿತ್ತಕೋಶದ ಕಲ್ಲಿನ ಕಥೆ ಹೇಳಿದರೂ ಹೂಂಗುಟ್ಟುತ್ತಾ ಬಂದವನು ನಾನು. ಮೀಸೆ ಇಷ್ಟು ಸಣ್ಣಗೆ ಬೇಡಪ್ಪ ಎಂದು ಹೇಳಲಾರದೆ ಕ್ಷೌರದಂಗಡಿಯಲ್ಲಿ ಎರಡು ಸಲ ಮೀಸೆಯನ್ನೇ ಕಳೆದುಕೊಂಡಿದ್ದೇನೆ. ಇಂಥವನ ಕೈಗೆ, ಐವತ್ತು ದಾಟಿದ ಮೇಲೆ, ಬೇರೆಯವರ ಬಾಯಿ ಮುಚ್ಚಿಸುವ ಬಟನ್ ಒಂದು ಸಿಕ್ಕಿತು. ಒತ್ತಿದರೆ ಸಾಕು, ಜಗಳವಿಲ್ಲ, ಮುಖ ಮುರಿಯುವುದಿಲ್ಲ, ಆ ಕಡೆಯವರ ತುಟಿ ಆಡುತ್ತಿರುತ್ತದೆ, ಮಾತು ಮಾತ್ರ ಬರುವುದಿಲ್ಲ. ನಾನು ಅದನ್ನು ಹೇಗೆ ಬಳಸಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಯಾರಿಗಾದರೂ ಹೇಳಲೇಬೇಕು.

ನಮ್ಮದು ಹಳ್ಳಿಗಳಿಗೆ ಕುಡಿಯುವ ನೀರಿನ ಪೈಪು ಹಾಕುವ ಒಂದು ಗುತ್ತಿಗೆ ಕಂಪನಿ. ಹೊನ್ನಾಳಿಯಲ್ಲಿ ಹೊಳೆ ನೀರೆತ್ತುವ ಮೋಟರ್ ಮನೆ ನೋಡಿಕೊಳ್ಳುವವನು ಬಸವರಾಜ. ನ್ಯಾಮತಿ ತಾಲ್ಲೂಕಿನ ಸವಳಂಗದ ಕಡೆ ನಿಂತು ಪೈಪು ಹೂಳಿಸುವವನು ಹಾಲೇಶ. ನಕ್ಷೆ ಬರೆಯುವ ಇಂಜಿನಿಯರ್ ಶಶಿಕಲಾ ಮೇಡಂ, ಜಗಳೂರಿನ ತಮ್ಮ ಮನೆಯಿಂದಲೇ ಕೆಲಸ ಮಾಡುವವರು. ಇವರನ್ನೆಲ್ಲ ಹೊಂದಿಸುವವನು ಚನ್ನಗಿರಿಯಲ್ಲಿ ಅಡಿಕೆ ಗೋದಾಮಿನ ಮೇಲಿನ ಕೋಣೆಯಲ್ಲಿ ಕೂತ ನಾನು. ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಫೋನಿನಲ್ಲೇ ವಿಡಿಯೋ ಮೀಟಿಂಗು; ಅದನ್ನು ನಡೆಸುವವನು ನಾನಾದ್ದರಿಂದ, ಯಾರ ಧ್ವನಿಯನ್ನು ಬೇಕಾದರೂ ನಿಲ್ಲಿಸುವ ಮ್ಯೂಟ್ ಬಟನ್ ನನ್ನ ಕೈಯಲ್ಲಿ. ನಮ್ಮ ದೊಡ್ಡ ಸಾಹೇಬರೂ ಬೇರೆ ಊರಿಂದ ಫೋನಿನಲ್ಲೇ ಅದಕ್ಕೆ ಸೇರುತ್ತಾರೆ. ಒಂದೂವರೆ ವರ್ಷ ಹೀಗೆ ಒಟ್ಟಿಗೆ ದುಡಿದರೂ ನಾವು ನಾಲ್ವರು ಒಂದು ದಿನ ಒಂದು ಕಡೆ ಟೀ ಕುಡಿದಿರಲಿಲ್ಲ. ಬಸವರಾಜ ಫೋನನ್ನು ಹೇಗೆ ಹಿಡಿಯುತ್ತಿದ್ದನೋ, ನನ್ನ ಪಾಲಿಗೆ ಅವನು ಅಂದರೆ ಅರ್ಧ ಹಣೆ ಮತ್ತು ತಿರುಗುವ ಫ್ಯಾನು. ಹಾಲೇಶ ಬೈಕಿನ ಮೇಲೇ ಮೀಟಿಂಗಿಗೆ ಬರುತ್ತಿದ್ದ, ಹೆಲ್ಮೆಟ್ಟಿನ ಒಳಗಿಂದ "ಆಗ್ತೈತೆ ಸಾರ್, ಆಗ್ತೈತೆ" ಎನ್ನುವುದಷ್ಟೇ ಕೇಳುತ್ತಿತ್ತು. ಏನು ಆಗುತ್ತದೆ ಎಂದು ನಾನೂ ಕೇಳಿದವನಲ್ಲ.

ಶಶಿಕಲಾ ಅವರ ತೊಂದರೆ ಬೇರೆ. ಅವರ ಮನೆಯವರದು ಹಿಟ್ಟಿನ ಗಿರಣಿ; ಇವರು ಕೂರುವ ಕೋಣೆಗೂ ಅದಕ್ಕೂ ನಡುವೆ ಒಂದೇ ಗೋಡೆ. ಗಿರಣಿಗೆ ಬೇಕಾದ ಕರೆಂಟು ಅಲ್ಲಿಗೆ ಬರುತ್ತಿದ್ದುದು ಸರಿಯಾಗಿ ನಮ್ಮ ಮೀಟಿಂಗಿನ ಹೊತ್ತಿಗೆ. ಅವರು "ಸಾರ್" ಅನ್ನುವುದೂ ಆ ಕಡೆ ಊರಿನ ಜೋಳವೆಲ್ಲ ಒಮ್ಮೆಗೇ ಬೀಸತೊಡಗುವುದೂ ಒಂದೇ. "ಯಾರ್ರೀ ಅದು, ಮೀಟಿಂಗ್ ಒಳಗೆ ಟ್ರ್ಯಾಕ್ಟರ್ ತಂದಿರೋದು?" ಎಂದು ಸಾಹೇಬರು ಮೊದಲ ದಿನವೇ ರೇಗಿದರು. ಅಂದಿನಿಂದ ಅವರು ರೇಗುವ ಮೊದಲು ನನ್ನ ಹೆಬ್ಬೆರಳೇ ಎಚ್ಚೆತ್ತುಕೊಳ್ಳುತ್ತಿತ್ತು. ಬರುಬರುತ್ತಾ ಶಶಿಕಲಾ ಗಂಟಲು ಸರಿಪಡಿಸಿಕೊಂಡರೆ ಸಾಕು, ಅವರ ಧ್ವನಿ ಬಂದ್. ಆಮೇಲೆ ಇನ್ನೂ ಜಾಣನಾದೆ. ಸಾಹೇಬರು ಬಂದ ಕೂಡಲೇ ಎಲ್ಲರ ಬಾಯಿಗೂ ಒಟ್ಟಿಗೆ, ಅವರಾಗಿಯೇ ತೆಗೆಯಲಾಗದಂತೆ ಬೀಗ ಹಾಕಿ, ಬೇಕಾದವರದನ್ನು ಮಾತ್ರ ತೆಗೆಯುತ್ತಿದ್ದೆ. "ನಿಮ್ಮ ಮೀಟಿಂಗ್ ಬಹಳ ಶಿಸ್ತಿನಿಂದ ನಡೀತದ್ರೀ" ಎಂದು ಸಾಹೇಬರು ಹೊಗಳಿದ್ದೂ ಉಂಟು. ಅದನ್ನು ಮನೆಯಲ್ಲಿ ಹೇಳಿಕೊಂಡು ಬೀಗಿದಾಗ ನನ್ನ ಹೆಂಡತಿ, "ಪುಣ್ಯಕ್ಕೆ ಅಂಥದ್ದೊಂದು ಬಟನ್ ಮನೇಲಿ ಇಲ್ಲ. ಇದ್ದಿದ್ರೆ ನಾನು ಮದುವೆಯಾದ ವಾರಕ್ಕೇ ಮೂಗಿ ಆಗ್ತಿದ್ದೆ" ಅಂದಳು. ನಾನು ನಕ್ಕೆ.

ಇನ್ನು ನಗುವ ಮಾತು ಹೆಚ್ಚೇನೂ ಉಳಿದಿಲ್ಲ.

ನೀರಿನ ಪೈಪು ನೆಟ್ಟಗಿರುವವರೆಗೆ ಸಾಧು ಪ್ರಾಣಿ. ತಿರುವು ಬಂದ ಕಡೆ ಒಳಗಿನ ನೀರು ಅದನ್ನು ಹೊರಕ್ಕೆ ಒದೆಯುತ್ತದೆ. ಅದಕ್ಕೇ ಪ್ರತಿ ತಿರುವಿನ ಬೆನ್ನಿಗೆ ಒಂದು ಕಾಂಕ್ರೀಟ್ ಬ್ಲಾಕು ಕಟ್ಟುತ್ತೇವೆ. ಸವಳಂಗದ ಹತ್ತಿರ ಲೈಟು ಕಂಬ ಅಡ್ಡ ಬಂತೆಂದು ಹಾಲೇಶ ತಿರುವನ್ನು ಹತ್ತು ಮಾರು ಆಚೆಗೆ ಸರಿಸಿದ್ದ. ಬ್ಲಾಕು ಮಾತ್ರ ನಕ್ಷೆಯಲ್ಲಿದ್ದ ಹಳೆಯ ಜಾಗದಲ್ಲೇ, ಏನನ್ನೂ ತಡೆಯದೆ, ಗಟ್ಟಿಯಾಗಿ ಕೂತಿತ್ತು. ಬ್ಲಾಕು ಕಟ್ಟಿದ ಗಾರೆಯವರು ಬೇರೆ, ಪೈಪು ಹಾಕಿದವರು ಬೇರೆ, ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ನೋಡಿದವರು ಯಾರೂ ಇಲ್ಲ. ನೀರು ಬಿಟ್ಟು ನೋಡುವ ಹಿಂದಿನ ಸಂಜೆ ಹಾಲೇಶ ಗ್ರೂಪಿಗೆ ಹಾಕಿದ್ದ ಫೋಟೋದಲ್ಲಿ ಇದು ಕಾಣುತ್ತಿತ್ತಂತೆ. ನಾನೂ ಆ ಫೋಟೋ ನೋಡಿದ್ದೆ, ನೋಡಿ "ಸೂಪರ್" ಎಂದು ಬರೆದಿದ್ದೆ. ಅದನ್ನು ನಿಜಕ್ಕೂ ನೋಡಿದ್ದು ಜಗಳೂರಿನಲ್ಲಿ ಕೂತ ಶಶಿಕಲಾ ಒಬ್ಬರೇ.

ಮಾರನೆಯ ಬೆಳಿಗ್ಗೆ ಮೀಟಿಂಗಿನಲ್ಲಿ, ಅವತ್ತೇ ಹೊನ್ನಾಳಿಯಿಂದ ನೀರು ಬಿಟ್ಟು ಪೈಪಿನ ಒತ್ತಡ ಪರೀಕ್ಷೆ ಮಾಡುವುದೆಂದು ಸಾಹೇಬರು ಹೇಳುತ್ತಿದ್ದರು. ನಕ್ಷೆಯದೇನೋ ಕೇಳಲೆಂದು ಆಗಷ್ಟೇ ಬೀಗ ತೆಗೆದಿದ್ದೆ, "ಸಾರ್, ಆ ತಿರುವಿನಾಗೆ..." ಎಂದರು ಶಶಿಕಲಾ. ಹಿಂದೆಯೇ ಗಿರಣಿ. ನನ್ನ ಹೆಬ್ಬೆರಳು ತನ್ನ ಕೆಲಸ ಮಾಡಿತು. ಅವರ ಹೆಸರಿನ ಪಕ್ಕ ಕೈ ಎತ್ತಿದ ಗುರುತು ಬಂತು. ರಜೆ ಕೇಳಲಿಕ್ಕಿರಬೇಕು, ಆಮೇಲೆ ನೋಡೋಣ ಅಂದುಕೊಂಡೆ. ಪರದೆಯಲ್ಲಿ ಅವರು ಏನೋ ಹೇಳುತ್ತಿದ್ದರು, ಎದ್ದರು, ಕಾಣೆಯಾದರು. ಕೊನೆಗೆ ಸಾಹೇಬರು, "ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದು ಕೇಳಿದರು. ಎಲ್ಲರ ಬಾಯಿಗೂ ನಾನೇ ಬೀಗ ಹಾಕಿದ್ದೆನಲ್ಲ, ಬಹಳ ಶಾಂತವಾಗಿತ್ತು.

"ಯಾರಿಗೂ ಏನೂ ಇಲ್ಲ ಸಾರ್" ಎಂದೆ.

ಆಮೇಲೆ ಶಶಿಕಲಾ ನನಗೆ ಮೂರು ಸಲ ಫೋನ್ ಮಾಡಿದ್ದರು; ನಾನು ಇನ್ನೊಂದು ಮೀಟಿಂಗಿನಲ್ಲಿದ್ದೆ. ಹಾಲೇಶನಿಗೂ ಮಾಡಿದ್ದರು, ಅವನ ಫೋನು ಬೈಕಿನ ಬ್ಯಾಗಿನಲ್ಲಿತ್ತು; ಹೊನ್ನಾಳಿಗೆ ಲೈನೇ ಸಿಗಲಿಲ್ಲ. ಬಸವರಾಜ ಹೊನ್ನಾಳಿಯಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ಮೋಟರ್ ಹಾಕಿದ. ಆ ದಿನ ನಮ್ಮಲ್ಲಿ ಕೆಲಸವನ್ನು ನೆಟ್ಟಗೆ ಮಾಡಿದ ಗಂಡಸು ಅವನೊಬ್ಬನೇ. ತಿರುವಿನ ಹತ್ತಿರ ಹೊಂಡಕ್ಕಿಳಿದು ನೀರು ಜಿನುಗುತ್ತದೆಯೋ ಎಂದು ನೋಡುತ್ತಿದ್ದವನು ಉಬ್ರಾಣಿಯ ಫಿಟ್ಟರ್ ಹನುಮಂತಪ್ಪ. ಪೈಪು ಒದ್ದು ಬಂದು ಅವನ ಎಡಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು.

ಸಂಜೆ ಶಶಿಕಲಾ ಅವರಿಗೆ ಫೋನ್ ಮಾಡಿದೆ. ಆ ಕಡೆ ಗಿರಣಿಯ ಸದ್ದೇ ಇರಲಿಲ್ಲ. "ನಾನು ಹೇಳಾಕೆ ಬಂದಿದ್ದೆ ಸಾರ್. ಸದ್ದಿಗೆ ನಿಮಗೆ ಕೇಳಲ್ಲ ಅಂತ ಓಡಿ ಹೋಗಿ ನಮ್ಮನೆಯವ್ರಿಗೆ ಹೇಳಿ ಗಿರಣಿ ನಿಲ್ಲಿಸಿದೆ. ಜನ ಎಲ್ಲ ಹಿಟ್ಟಿಗೆ ಕಾಯ್ತಿದ್ರು, ಬೈದ್ರು. ವಾಪಸ್ ಬರೋದ್ರೊಳಗೆ ಮೀಟಿಂಗ್ ಮುಗಿದಿತ್ತು" ಅಂದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನಾನು "ಛೆ, ಛೆ" ಎಂದು ಫೋನ್ ಇಟ್ಟೆ.

ಕಂಪನಿಯವರು ವಿಚಾರಣೆ ಮಾಡಿ, ಇದು ಸಂವಹನದ ಕೊರತೆ ಎಂದು ಬರೆದು ಮುಗಿಸಿದರು. ಕೊರತೆಗೆ ಹೆಸರಿರಲಿಲ್ಲ, ಊರಿರಲಿಲ್ಲ, ಹೆಬ್ಬೆರಳಂತೂ ಇರಲೇ ಇಲ್ಲ. ಅಷ್ಟೇ ಅಲ್ಲ, ದೂರ ದೂರ ಕೂತ ಇಂಜಿನಿಯರುಗಳು ಒಂದಾಗಿ ಕೆಲಸ ಮಾಡುವುದು ಹೇಗೆ ಎಂಬ ಬಗ್ಗೆ ಎರಡು ಪುಟದ ಟಿಪ್ಪಣಿ ಬರೆಯಲು ಅನುಭವಸ್ಥನೆಂದು ನನ್ನನ್ನೇ ಆರಿಸಿದರು. ಬರೆದೆ. ಎಲ್ಲರಿಗೂ ಮಾತಾಡಲು ಅವಕಾಶ ಕೊಡಬೇಕು, ಕೆಲಸ ಮಾಡುವ ಜಾಗವನ್ನು ಕಣ್ಣಾರೆ ಕಂಡವರ ಮಾತು ಮೊದಲು ಕೇಳಬೇಕು ಎಂದೆಲ್ಲ ಬರೆದೆ. ಸಾಹೇಬರು ತುಂಬಾ ಮೆಚ್ಚಿ ಎಲ್ಲ ತಾಲ್ಲೂಕುಗಳಿಗೂ ಕಳಿಸಿದರು. ಶಶಿಕಲಾ "ಚೆನ್ನಾಗಿದೆ ಸಾರ್" ಎಂದು ಉತ್ತರ ಬರೆದರು. ಆ ಎರಡು ಪದ ಓದಿ ಆ ದಿನ ನನಗೆ ಊಟ ಸೇರಲಿಲ್ಲ.

ಅದಕ್ಕೇ ಮಾರನೆಯ ದಿನ ಕಿತ್ತಳೆ ಹಣ್ಣು ಕಟ್ಟಿಸಿಕೊಂಡು ಉಬ್ರಾಣಿಗೆ ಹೋದೆ. ತಪ್ಪು ನನ್ನದು ಎಂದು ಹೇಳಿಬಿಡಬೇಕು ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ. ಹನುಮಂತಪ್ಪ ಕಾಲಿಗೆ ರಾಡು ಹಾಕಿಸಿಕೊಂಡು ಜಗಲಿಯ ಮೇಲೆ ಮಲಗಿದ್ದ. ನನ್ನನ್ನು ಅವನು ಕಂಡೇ ಇರಲಿಲ್ಲ, ನಾನೂ ಅಷ್ಟೇ. "ಆಫೀಸಿಂದ ಬಂದಿದೀನಪ್ಪ" ಎಂದೆ. ಪಾಪ, ಏಳಲು ನೋಡಿದ.

"ಹದಿನಾಲ್ಕು ವರ್ಷ ಆತು ಸಾರ್ ಈ ಕೆಲಸಕ್ಕೆ ಬಂದು. ಬ್ಲಾಕ್ ಇಲ್ದಂಗೆ ಯಾರೂ ನೀರು ಬಿಡಲ್ಲ, ಆಫೀಸ್ನೋರು ಹೇಳಿದಾರೆ ಅಂದ್ಮೇಲೆ ನೋಡೇ ಹೇಳಿರ್ತಾರೆ ಅಂತ ಹೊಂಡಕ್ಕೆ ಇಳಿದೆ" ಅಂದ. ಆಮೇಲೆ, "ಎಲ್ಲಾ ಸರಿ ಐತೆ ಅಂತ ಹೇಳಿದ್ದು ಯಾರು ಸಾರ್? ನಿಮಗೇನಾರ ಗೊತ್ತೈತಾ?" ಎಂದು ಕೇಳಿದ.

ಬಾಯಿ ತೆರೆದೆ. ಅವನ ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ವಿಚಾರಿಸ್ತೀನಪ್ಪ" ಎಂದೆ.

ಹನುಮಂತಪ್ಪನ ಮುಖ ಅರಳಿತು. "ನೋಡೇ, ವಿಚಾರಿಸಾಕೆ ಅಂತ ಒಬ್ರು ಬಂದವ್ರೆ. ಟೀ ಇಡು" ಎಂದು ಹೆಂಡತಿಗೆ ಹೇಳಿ, ಮರೆಯದೆ ನನ್ನ ನಂಬರು ಬರೆದುಕೊಂಡ.

ಈಗ ಎರಡು ತಿಂಗಳಾಯಿತು. ವಾರಕ್ಕೊಮ್ಮೆ ಅವನ ಫೋನು ಬರುತ್ತದೆ. "ಏನಾರ ಗೊತ್ತಾತಾ ಸಾರ್?" ಅನ್ನುತ್ತಾನೆ. "ವಿಚಾರಿಸ್ತಾ ಇದೀನಿ ಹನುಮಂತಪ್ಪ" ಅನ್ನುತ್ತೇನೆ. ಒಂದು ಸಲವಾದರೂ ಅವನು ಬೇಸರ ಮಾಡಿಕೊಂಡಿಲ್ಲ. "ನಿಧಾನಕ್ಕೇ ಆಗ್ಲಿ ಬಿಡ್ರಿ ಸಾರ್," ಎಂದು ನನಗೇ ಸಮಾಧಾನ ಹೇಳುತ್ತಾನೆ, "ನಾನೇನು ಎಲ್ಲಿಗೂ ಓಡೋಗಲ್ಲ."