‘ಮುನ್ನ’ ಹುದ್ದೆಗೆ ನೇಮಕಾತಿ

ಸಿರಿಗೇರಿಯ ಗಾದೆಪ್ಪ ಕುಡಿತ ಬಿಟ್ಟು ಹನ್ನೊಂದು ತಿಂಗಳಾಗಿದೆ ಎಂಬುದನ್ನು ಹೆಂಡತಿ ಮಂಜಮ್ಮನೂ ಸೇರಿ ಇಡೀ ಓಣಿ ಒಪ್ಪಿತ್ತು. ಕಡತ ಮಾತ್ರ ಒಪ್ಪಿರಲಿಲ್ಲ.

ಬಳ್ಳಾರಿಯ ಜೀನ್ಸ್ ಹೊಲಿಗೆ ಶೆಡ್ಡಿನ ಮಾಲೀಕ ಉಸ್ಮಾನಸಾಬ್, “ನಿನ್ನ ಹೊಲಿಗಿ ಚಲೋ ಐತಿ. ಕುಡಿಯೂದು ಬಿಟ್ಟಾನಂತ ಆಫೀಸಿಂದ ಪತ್ರ ತಗೊಂಡ್ ಬಾ, ಸೋಮವಾರ ಮಿಷಿನ್ನಿಗೆ ಕೂಡು” ಎಂದಿದ್ದರು. ಮತ್ತೆ ಆ ಮಿಷಿನ್ನಿನ ಮುಂದೆ ಕೂರುವುದನ್ನು ಬಿಟ್ಟರೆ ಗಾದೆಪ್ಪನಿಗೆ ಬೇರೆ ಆಸೆಯೇ ಇರಲಿಲ್ಲ.

ವ್ಯಸನಮುಕ್ತರ ಉದ್ಯೋಗ ಕಚೇರಿಯ ಮರಿಬಸಪ್ಪನವರು ಸಹಾನುಭೂತಿಯಿಂದಲೇ ನಿಯಮ ಓದಿದರು: ‘ಅರ್ಜಿದಾರನು ವ್ಯಸನ ಬಿಡುವ ಮುನ್ನ ಒಂದು, ಬಿಟ್ಟ ನಂತರ ಒಂದು, ಹೀಗೆ ಎರಡು ಫೋಟೊ ಲಗತ್ತಿಸತಕ್ಕದ್ದು.’

“ಕುಡುದು ಬಿದ್ದಾಗ ಫೋಟೊ ಯಾರು ತೆಗೀತಾರ್ರಿ ಸರ್?”

“ಹಂಗಾರ ಈಗ ಬೀಳು. ಕುರುಗೋಡಿನ ವೈನ್ ಶಾಪ್ ಮುಂದ ಜಾಗ ಚಲೋ ಐತಿ. ಕುಡದು ಗಿಡದು ಬೀಳಬ್ಯಾಡ ಮತ್ತ, ನಿಯಮಬಾಹಿರ ಆಕ್ಕೈತಿ.”

ಹನ್ನೊಂದು ತಿಂಗಳು ಸುತ್ತು ಬಳಸಿ ತಪ್ಪಿಸಿಕೊಂಡಿದ್ದ ಅದೇ ಅಂಗಡಿಯ ಮುಂದೆ ಗಾದೆಪ್ಪ ಅಂಗಾತ ಮಲಗಿದ. ವಾಸನೆ ಮೂಗಿಗೆ ಬಡಿದು ಹಳೇ ಚಟ ಕೆರಳಿತು. ಅವನಿಗೆ ನಿಜವಾಗಿಯೂ ಭಯವಾಯಿತು. ಪಕ್ಕದಲ್ಲಿ ನಿಂತ ಮಂಜಮ್ಮನ ಸೆರಗಿನ ತುದಿ ಹಿಡಿದುಕೊಂಡೇ ಫೋಟೊ ತೆಗೆಸಿಕೊಂಡ. ‘ಸಹಜವಾಗಿ ಬಂದಿದೆ’ ಎಂದು ಕಚೇರಿ ಷರಾ ಬರೆದು ಪತ್ರ ಕೊಟ್ಟಿತು.

ಎಷ್ಟು ಸಹಜವೆಂದರೆ, ಅದನ್ನೇ ಜಾಗೃತಿ ಅಭಿಯಾನದ ಫ್ಲೆಕ್ಸಿಗೂ ಹಾಕಲಾಯಿತು. ಹದಿನಾಲ್ಕು ಗಣ್ಯರ ಮುಖಗಳಿಗೆ ಜಾಗ ಸಾಲದೆ ‘ನಂತರ’ದ ಫೋಟೊ ಕೈಬಿಡಲಾಯಿತು. ಫ್ಲೆಕ್ಸ್ ಕಟ್ಟಿದ್ದು ಉಸ್ಮಾನಸಾಬರ ಶೆಡ್ಡಿನ ಎದುರಿಗೇ.

ಸೋಮವಾರ ಪತ್ರ ಹಿಡಿದು ಬಂದವನಿಗೆ ಅವರು ಕಿಟಕಿಯಾಚೆ ಕೈ ತೋರಿಸಿದರು. “ಪತ್ರ ನಾ ನಂಬ್ತೀನಪ್ಪ. ಮಾಲು ಒಯ್ಯಾಕ ಬರೋರು ಅದನ್ನ ನೋಡ್ತಾರಲ್ಲ?”

ದೂರು ಸ್ವೀಕರಿಸಿದ ಕಚೇರಿ ಕೂಡಲೇ ಸಭೆ ಸೇರಿತು. ಫ್ಲೆಕ್ಸ್ ಇಳಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ. ಕೆಲಸ ಕೊಡಲು ಇತ್ತು. ಜಾಥಾಗಳಲ್ಲಿ ಕುಡುಕನಾಗಿ ಬಿದ್ದು ತೋರಿಸುವ ‘ಮುನ್ನ’ ಹುದ್ದೆ ಖಾಲಿಯಿತ್ತು. ಹಿಂದಿನ ನೌಕರ ಎರ್ರಣ್ಣನನ್ನು ಕರ್ತವ್ಯದ ವೇಳೆ ಕುಡಿದು ಬಿದ್ದಿದ್ದಕ್ಕಾಗಿ ವಜಾ ಮಾಡಲಾಗಿತ್ತು.

“ನನಗ ಮಿಷಿನ್ ಮುಂದ ಕೂಡೂದಿತ್ರಿ” ಎಂದ ಗಾದೆಪ್ಪ.

“ಕೂಡೂದಕ್ಕಿಂತ ಮಲಗೂದು ಹಗುರ ಅಲ್ಲೇನೋ?” ಎಂದರು ಮರಿಬಸಪ್ಪ.

ಈಗ ಮಂಜಮ್ಮ ದಿನಾ ಬುತ್ತಿ ಕಟ್ಟಿ, ಇಸ್ತ್ರಿ ಮಾಡಿದ ಅಂಗಿಗೆ ಹದವಾಗಿ ಮಣ್ಣು ಹಚ್ಚಿ ಕೊಡುತ್ತಾಳೆ. ಮೊದಲು “ಎಲ್ಲಿ ಬಿದ್ದಿದ್ದಿಲೇ?” ಎನ್ನುತ್ತಿದ್ದ ಓಣಿಯವರು, ಸಂಜೆ ಬಸ್ಸಿಳಿದವನನ್ನು “ಇವತ್ತೆಲ್ಲಿ ಬಿದ್ದಿದ್ರಿ, ಗಾದೆಪ್ಪಣ್ಣ?” ಎಂದು ಗೌರವದಿಂದ ಕೇಳುತ್ತಾರೆ.

“ಸಿರುಗುಪ್ಪದಾಗ್ರಿ.”

ಬಿದ್ದಲ್ಲೇ ಅವನ ಬಲಗಾಲು ಮಿಷಿನ್ನಿನ ಪೆಡಲ್ ತುಳಿದಂತೆ ಅಲುಗುತ್ತಿರುತ್ತದೆ. ಕುಡುಕನ ನಡುಕ ಬಹಳ ಸಹಜವಾಗಿ ಬಂದಿದೆ ಎಂದು ಮರಿಬಸಪ್ಪನವರು ಕಡತದಲ್ಲಿ ಮೆಚ್ಚುಗೆ ಬರೆದಿದ್ದಾರೆ.