ಪುರಾಣಿಸುವ ಸೋದರಮಾವ

ನಮ್ಮ ಸೋದರಮಾವ ಜನ್ಮದಲ್ಲಿ ಒಂದೂ ಸುಳ್ಳು ಹೇಳಿದವರಲ್ಲ. ನಿಜವನ್ನಂತೂ ಹೇಳಿದವರೇ ಅಲ್ಲ! ಹಾಗಾದರೆ ಮತ್ತೇನು ಹೇಳುತ್ತಿದ್ದರು? ಅದಕ್ಕೆಂದೇ ನಮ್ಮತ್ತೆ ಒಂದು ಕ್ರಿಯಾಪದ ಹುಟ್ಟಿಸಿದ್ದರು: ಪುರಾಣಿಸು. ನಿಘಂಟಿನಲ್ಲಿ ಹುಡುಕಬೇಡಿ. ಕೃಷ್ಣಮೂರ್ತಿಪುರಂನ ನಮ್ಮ ಮನೆ ಹೊಸ್ತಿಲಾಚೆ ಅದು ಚಲಾವಣೆಯಲ್ಲಿಲ್ಲ.

ಪದ ಹುಟ್ಟಿದ್ದು ತೊಂಬತ್ತರ ದಶಕದ ಒಂದು ದಸರೆಯಲ್ಲಿ. ಗೊಂಬೆ ಕೂರಿಸಿದ್ದೆವು. ಬೀದಿಯ ಮಕ್ಕಳು 'ಗೊಂಬೆ ಕೂರ್ಸಿದೀರಾ?' ಎನ್ನುತ್ತ ನುಗ್ಗಿದವು. ದಿನಸಿ ಅಂಗಡಿಯವನ ಗೊಂಬೆಗೆ ಬಲಗೈ ಇರಲಿಲ್ಲ. ಧೂಳು ಹೊಡೆಯುವಾಗ ಅತ್ತೆಯೇ ಮುರಿದದ್ದು. ಮಾವ ಒಂದು ಚಿಟಿಕೆ ನಶ್ಯ ಏರಿಸಿ, 'ಬೇಳೆ ತೂಗೋವಾಗ ಮೋಸ ಮಾಡ್ದ ಕಣ್ರೋ! ಚಾಮುಂಡವ್ವ ಬೆಟ್ಟದಿಂದ ಇಳಿದು ಬಂದು ಕೈ ಕಿತ್ಕೊಂಡೋದ್ಲು!' ಎಂದರು. ಮರುದಿನ ಬೆಳಿಗ್ಗೆ ಬೀದಿ ಕೊನೆಯ ದಿನಸಿ ಅಂಗಡಿಯವರು ಹಣ್ಣುಕಾಯಿ ಹಿಡಿದು ಬಂದು, ಗೊಂಬೆಯ ಮುಂದೆ ತಮ್ಮ ತಕ್ಕಡಿ ಇಟ್ಟು ಅಡ್ಡಬಿದ್ದರು!

'ಪುರಾಣಿಸ್ಬುಟ್ರಲ್ರೀ!' ಎಂದು ಅತ್ತೆ ಹಣೆ ಚಚ್ಚಿಕೊಂಡರು. ಮುಂದಿನ ವರ್ಷದಿಂದ ಆ ಗೊಂಬೆಗೆ ಮೊದಲ ಮಂಗಳಾರತಿ ಎತ್ತಿದವರೂ ಅವರೇ. ಸುಳ್ಳಾದರೆ ಹೇಳಿದವನಿಗೆ ಏನಾದರೂ ಗಿಟ್ಟುತ್ತದೆ. ಪುರಾಣಿಸಿದರೆ ಗಿಟ್ಟುವುದೆಲ್ಲ ಕೇಳಿದವನಿಗೆ. ಪದದ ಅರ್ಥ ನನಗೆ ತಿಳಿದ ಮಟ್ಟಿಗೆ ಇಷ್ಟೇ.

ಈಗ ನನ್ನ ಪಾಡು ಕೇಳಿ. ಅಪ್ಪ ತೀರಿಕೊಂಡಾಗ ನನಗೆ ಮೂರು ವರ್ಷ. ಅಮ್ಮನ ಮುಂದೆ ಆ ಮಾತೆತ್ತಿದರೆ ಸೆರಗು ಕಣ್ಣಿಗೆ ಹೋಗುತ್ತಿತ್ತು. ಅಪ್ಪ ಹೇಗಿದ್ದರು ಎಂದು ಕೇಳಲು ಉಳಿದವರು ಇದೇ ಮಾವ! ಸೋಮವಾರ ಕೇಳಿದರೆ ಅಪ್ಪ ಅರಮನೆಯ ಆನೆಯನ್ನು ಗದರಿಸಿ ಕೂರಿಸಿದವರು. ಗುರುವಾರದ ಹೊತ್ತಿಗೆ ಅದೇ ಆನೆ ಅವರನ್ನು ಆಫೀಸಿಗೆ ಬಿಟ್ಟು ಬರುತ್ತಿತ್ತು. ಯಾವುದನ್ನು ನಂಬಲಿ, ಯಾವುದನ್ನು ಬಿಡಲಿ? ತಲೆ ಮೊಸರುಗಡಿಗೆಯಾಗಿತ್ತು. ನನ್ನದೇ ಅಂತ ಇದ್ದದ್ದು ಒಂದೇ ನೆನಪು: ಸೈಕಲ್ ಬಾರಿಗೆ ಸುತ್ತಿದ ಟವೆಲ್ ಮೇಲೆ ಕೂತು, ಅಪ್ಪನ ಜೊತೆ ವಿದ್ಯಾರಣ್ಯಪುರಂ ಕಡೆಗೆ ಹೋದದ್ದು. ಅದೊಂದನ್ನು ಮಾವ ಪುರಾಣಿಸಿರಲಿಲ್ಲ. ಅದಕ್ಕೇ ಅದು ನಿಜವೆಂದು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ನನಗೆ ಮಗ ಹುಟ್ಟಿದ ವರ್ಷ, ಗೊಂಬೆ ಎತ್ತಿಡುವಾಗ ಮಾವನನ್ನು ಹಿಡಿದು ಕೂರಿಸಿದೆ.

'ಮಾವ, ಇವತ್ತೊಂದಿನ ಪುರಾಣಿಸ್ಬೇಡಿ. ನಾಳೆ ಇವನು ಕೇಳಿದ್ರೆ ಏನು ಹೇಳ್ಲಿ? ಅಪ್ಪ ಹೆಂಗಿದ್ರು?'

ಮಾವ ನಶ್ಯದ ಡಬ್ಬಿ ತೆರೆದರು, ಹಾಗೇ ಮುಚ್ಚಿದರು. 'ಸಾಧು ಮನುಷ್ಯ ಕಣೋ. ಮಾತು ಕಮ್ಮಿ. ಮಜ್ಜಿಗೆಗೆ ಉಪ್ಪು ಜಾಸ್ತಿ ಆದ್ರೂ ಕುಡ್ದು ಎದ್ದೋಗೋರು. ಸೈಕಲ್ ಕೂಡ ಬರ್ತಿರ್ಲಿಲ್ಲ.'

'ಹಂಗಾದ್ರೆ ನನ್ನನ್ನ ಸೈಕಲ್ಲಲ್ಲಿ ಕರ್ಕೊಂಡೋದೋರು?'

'ನಾನು. ಅವರು ಹೋದ ಮೇಲೆ. ಮನೆಗೆ ಬಂದೋನೇ ನೀನು, ಅಪ್ಪ ಕರ್ಕೊಂಡೋಗಿದ್ರು ಅಂತ ಎಲ್ರಿಗೂ ಹೇಳ್ದೆ. ಅಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ ಬುಡು.'

ಎಂಥ ಮನುಷ್ಯ! ಊರಿಗೆಲ್ಲ ಕತೆ ಕಟ್ಟಿದವರು, ತಾವು ನಿಜವಾಗಿ ಮಾಡಿದ್ದೊಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅಳು ತಡೆಯಲಾಗಲಿಲ್ಲ.

ಅತ್ತೆ ಒಳಗಿಂದ ಓಡಿ ಬಂದರು. 'ಏನ್ರೀ, ಅವನ್ನ ಅಳಿಸ್ಬುಟ್ರಾ? ಮತ್ತೆ ಪುರಾಣಿಸಿದ್ರಾ?'

'ಇಲ್ಲ ಅತ್ತೆ' ಎಂದೆ. 'ಪುರಾಣಿಸಿದೋನು ನಾನು.'